ನೆಟ್‌ವರ್ಕ್ ಅಷ್ಟಕ್ಕಷ್ಟೇ ಇರುವ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯ ಇಂಗ್ಲಿಷ್‌ಗೆ ಅಂತರ್ಜಾಲವನ್ನು ಹೇಗೆ ಬಳಸುವುದು?

ಪ್ರಶ್ನೆ: ಶಿಕ್ಷಕಿ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ತಾಲ್ಲೂಕಿನ ನಾಪೋಕ್ಲು ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು, ಏಳು ಮತ್ತು ಎಂಟನೆಯ ತರಗತಿಗಳಿಗೆ ಇಂಗ್ಲಿಷ್ ಬೋಧಿಸುತ್ತಿದ್ದೇನೆ. ನಮ್ಮದು ಕನ್ನಡ ಮಾಧ್ಯಮದ ಶಾಲೆ. ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳಂ ಮನೆಮಾತಿನವರು, ತೋಟದ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳಿಂದ ಬರುವ ಎರವ ಸಮುದಾಯದ ಮಕ್ಕಳು ಹೀಗೆ ಎಲ್ಲರೂ ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಇವರಲ್ಲಿ ಹಲವರು ಕನ್ನಡವನ್ನೇ ಶಾಲೆಗೆ ಬಂದ ಮೇಲೆ ಕಲಿತವರಾದ್ದರಿಂದ ಇಂಗ್ಲಿಷ್ ಅವರಿಗೆ ಮೂರನೆಯ ಭಾಷೆಯಾಗುತ್ತದೆ.

ದಾನಿಗಳೊಬ್ಬರು ಕೊಟ್ಟ ಸ್ಮಾರ್ಟ್ ಟಿವಿ ಮತ್ತು ಒಂದು ಲ್ಯಾಪ್‌ಟಾಪ್ ಶಾಲೆಯಲ್ಲಿವೆ. ಆದರೆ ನೆಟ್‌ವರ್ಕ್ ಸರಿಯಾಗಿ ಸಿಗುವುದು ಮೈದಾನದ ಒಂದು ಮೂಲೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಇಷ್ಟರ ನಡುವೆಯೂ ಟಿವಿಯಲ್ಲಿ ಪದ್ಯಗಳ ಕಾರ್ಟೂನ್ ಹಾಕಿದಾಗ ಮಕ್ಕಳು ಬಹಳ ಸಂತೋಷದಿಂದ ನೋಡುತ್ತಾರೆ, ಆದರೆ ಮರುದಿನ ಅದೇ ಪದ್ಯದ ನಾಲ್ಕು ಸಾಲುಗಳನ್ನು ಪುಸ್ತಕ ಹಿಡಿದು ಓದಲು ಹೇಳಿದರೆ ತಡವರಿಸುತ್ತಾರೆ. ನೋಡುವುದಕ್ಕೂ ಓದುವುದಕ್ಕೂ ನಡುವೆ ಇರುವ ಈ ಅಂತರ ನನ್ನನ್ನು ಬಹಳ ಕಾಡುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ವಿಡಿಯೊ ತೋರಿಸುವುದನ್ನು ಬಿಟ್ಟು, ಓದು ಮತ್ತು ಬರವಣಿಗೆ ನಿಜವಾಗಿ ಬೆಳೆಯುವ ಹಾಗೆ ಅಂತರ್ಜಾಲವನ್ನು ಇಂಗ್ಲಿಷ್ ತರಗತಿಯಲ್ಲಿ ಬಳಸುತ್ತಿರುವವರು ಯಾರಾದರೂ ಇದ್ದೀರಾ? ಮನೆಯಲ್ಲಿ ಫೋನ್ ಇಲ್ಲದ ಮಕ್ಕಳು ಹಿಂದುಳಿಯಬಾರದು ಎಂಬುದು ನನಗೆ ಮೊದಲ ಷರತ್ತು.

ಉತ್ತರ 1: ಶಿಕ್ಷಕರು, ವಿರಾಜಪೇಟೆ ತಾಲ್ಲೂಕು

ಮೇಡಂ, ನಿಮ್ಮ ಷರತ್ತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉತ್ತರವೂ ಅಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ಅಂತರ್ಜಾಲ ಮಕ್ಕಳ ಕೈಗೆ ಬರಬೇಕೆಂದೇನೂ ಇಲ್ಲ, ಶಿಕ್ಷಕರ ಕೈಯಲ್ಲಿದ್ದರೆ ಸಾಕು. ನೆಟ್‌ವರ್ಕ್ ಸಿಗುವ ಜಾಗದಲ್ಲಿ, ಸಿಗುವ ಹೊತ್ತಿನಲ್ಲಿ ನಾವು ಇಳಿಸಿಕೊಂಡು, ತರಗತಿಗೆ ಕಾಗದದ ರೂಪದಲ್ಲಿಯೋ ಪೆನ್‌ಡ್ರೈವ್‌ನಲ್ಲಿಯೋ ಒಯ್ದರೆ ಫೋನ್ ಇರುವ ಮಗುವಿಗೂ ಇಲ್ಲದ ಮಗುವಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ನಾನು ಹೆಚ್ಚು ನೆಚ್ಚಿಕೊಂಡಿರುವುದು ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣವನ್ನು. ಅಲ್ಲಿನ ಮಕ್ಕಳ ಕಥೆಗಳನ್ನು ಓದಿನ ಕಷ್ಟಕ್ಕೆ ಅನುಗುಣವಾಗಿ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ, ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಬಹುದು, ಮುಕ್ತ ಪರವಾನಗಿ ಇರುವುದರಿಂದ ಲೇಖಕರ ಮತ್ತು ಚಿತ್ರಕಾರರ ಹೆಸರು ಉಳಿಸಿಕೊಂಡು ಮುದ್ರಿಸಿ ಹಂಚಲು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ನಮಗೆ ಅತ್ಯಂತ ಉಪಯುಕ್ತವಾದದ್ದು ಎಂದರೆ, ಅನೇಕ ಕಥೆಗಳು ಕನ್ನಡದಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಅವೇ ಚಿತ್ರಗಳೊಂದಿಗೆ ಸಿಗುತ್ತವೆ.

ನನ್ನ ತರಗತಿಯಲ್ಲಿ ಅದು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಹಾಳೆಯಲ್ಲಿ ನಾಲ್ಕು ಪುಟ ಬರುವಂತೆ ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ಮಡಚಿದರೆ ಕಡಿಮೆ ಖರ್ಚಿನಲ್ಲಿ ಚಿಕ್ಕ ಪುಸ್ತಕವಾಗುತ್ತದೆ, ಇಬ್ಬರಿಗೆ ಒಂದರಂತೆ ಕೊಡುತ್ತೇನೆ. ಮೊದಲು ಚಿತ್ರಗಳನ್ನು ಮಾತ್ರ ನೋಡಿ ಕಥೆ ಏನಿರಬಹುದೆಂದು ಊಹಿಸುತ್ತಾರೆ, ಆ ಮಾತು ಕನ್ನಡದಲ್ಲಿದ್ದರೂ ಸರಿ, ಮನೆಮಾತಿನಲ್ಲಿದ್ದರೂ ಸರಿ. ಆಮೇಲೆ ನಾನು ಒಮ್ಮೆ ಗಟ್ಟಿಯಾಗಿ ಇಂಗ್ಲಿಷ್‌ನಲ್ಲಿ ಓದುತ್ತೇನೆ, ಅವರು ಸಾಲಿನ ಕೆಳಗೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಮೂರನೆಯ ಸಲ ಜೋಡಿಯಲ್ಲಿ ಅವರೇ ಓದುತ್ತಾರೆ, ಒಂದು ಪುಟ ಇವರು, ಒಂದು ಪುಟ ಅವರು. ಕನ್ನಡದ ಪ್ರತಿಯನ್ನು ಕೊನೆಯಲ್ಲಿ ಮಾತ್ರ ಹೊರತೆಗೆಯುತ್ತೇನೆ, ಅದೂ ಅರ್ಥ ಹೇಳುವುದಕ್ಕಲ್ಲ, ತಾವು ಅರ್ಥ ಮಾಡಿಕೊಂಡದ್ದು ಸರಿಯೇ ಎಂದು ಅವರೇ ತಾಳೆ ನೋಡಿಕೊಳ್ಳುವುದಕ್ಕೆ. ಮೊದಲೇ ಕೊಟ್ಟುಬಿಟ್ಟರೆ ಇಂಗ್ಲಿಷ್ ಪುಟವನ್ನು ಯಾರೂ ತಿರುಗಿ ನೋಡುವುದಿಲ್ಲ.

ಹಂತದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ತರಗತಿ ಏಳಾಯಿತೆಂದು ನಾಲ್ಕನೆಯ ಹಂತದ ಕಥೆಯನ್ನೇ ಕೊಟ್ಟರೆ ಓದಲಾರದ ಮಗು ಮೊದಲ ಪುಟದಲ್ಲಿಯೇ ಕೈಚೆಲ್ಲುತ್ತದೆ. ಒಂದೇ ತರಗತಿಯೊಳಗೆ ಎರಡನೆಯ ಹಂತದಿಂದ ನಾಲ್ಕನೆಯ ಹಂತದವರೆಗಿನ ಕಥೆಗಳು ಓಡಾಡುತ್ತಿರುವುದು ತಪ್ಪಲ್ಲ, ಅದೇ ಸಹಜ. ಪಠ್ಯಪುಸ್ತಕ ಎಲ್ಲರಿಗೂ ಒಂದೇ ಆಗಿರುವುದರಿಂದ ಮಾಡಲಾಗದ ಕೆಲಸವನ್ನು ಅಂತರ್ಜಾಲ ಮಾಡಿಕೊಡುತ್ತದೆ ಎನ್ನುವುದಾದರೆ, ನನ್ನ ಮಟ್ಟಿಗೆ ಅದು ಇದೇ.

ಉತ್ತರ 2: ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ಹಿಂದಿನವರು ಓದಿನ ಬಗ್ಗೆ ಹೇಳಿರುವುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಆಲಿಸುವುದರ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ನಮ್ಮ ಮಕ್ಕಳು ಇಂಗ್ಲಿಷನ್ನು ಕೇಳುವುದು ಬಹುತೇಕ ನಮ್ಮ ಬಾಯಿಂದಲೇ. ಸ್ವರದಿಂದ ಆರಂಭವಾಗುವ ಪದದ ಮುಂದೆ ಯಕಾರ ಸೇರಿಸಿ ‘ಯೆಗ್’ ಎನ್ನುವ, ಪದದ ಕೊನೆಗೆ ಉಕಾರ ಸೇರಿಸಿ ‘ಬಸ್ಸು’ ಎನ್ನುವ ನಮ್ಮ ರೂಢಿ ಹಾಗೆಯೇ ಅವರಿಗೂ ಇಳಿಯುತ್ತದೆ. ಇದನ್ನು ದೊಡ್ಡ ದೋಷವೆಂದು ನಾನು ಭಾವಿಸುವುದಿಲ್ಲ, ಆದರೆ ಬೇರೆ ಬೇರೆ ದನಿಗಳನ್ನು ಕೇಳುವ ಅವಕಾಶ ಮಕ್ಕಳಿಗೆ ಸಿಗಲೇಬೇಕು. ಲಿಬ್ರಿವಾಕ್ಸ್ ಎಂಬ ತಾಣದಲ್ಲಿ 2005ರಿಂದ ಸ್ವಯಂಸೇವಕರು ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಉಚಿತವಾಗಿ ಕೊಡುತ್ತಿದ್ದಾರೆ. ಅವೇ ಪುಸ್ತಕಗಳ ಪಠ್ಯವು 1971ರಲ್ಲಿ ಆರಂಭವಾದ ಉಚಿತ ಇ-ಪುಸ್ತಕಗಳ ಸಂಗ್ರಹ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹೆಚ್ಚಾಗಿ ಸಿಗುವುದರಿಂದ, ಧ್ವನಿ ಮತ್ತು ಅಕ್ಷರ ಎರಡನ್ನೂ ಜೊತೆಗಿಡಬಹುದು. ಆದರೆ ಅವುಗಳ ಇಂಗ್ಲಿಷ್ ಹಳೆಯದು, ವಾಕ್ಯಗಳು ಉದ್ದ. ಚಿಕ್ಕ ನೀತಿಕಥೆಗಳಿಗಿಂತ ಮುಂದಕ್ಕೆ ಎಂಟನೆಯ ತರಗತಿಯಲ್ಲಿಯೂ ಹೋಗಬೇಡಿ. ಹೊಸ ಕಾಲದ ಸರಳ ಇಂಗ್ಲಿಷ್ ಬೇಕಿದ್ದರೆ ಅಮೆರಿಕದ ಬಾನುಲಿ ಸಂಸ್ಥೆ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಕಲಿಯುವವರಿಗಾಗಿ ಆರಂಭಿಸಿದ ನಿಧಾನಗತಿಯ ಪ್ರಸಾರಗಳನ್ನು ನೋಡಬಹುದು. ಸುಮಾರು 1500 ಪದಗಳ ಶಬ್ದಭಂಡಾರದೊಳಗೆ, ಸಾಮಾನ್ಯ ವಾರ್ತೆಗಿಂತ ನಿಧಾನವಾಗಿ ಓದುವುದು ಅವುಗಳ ಕ್ರಮವಾಗಿತ್ತು. ಧ್ವನಿಯೊಂದಿಗೆ ಪಠ್ಯವೂ ಸಿಗುತ್ತದೆ.

ನಾನು ಒಂದು ನಿಮಿಷಕ್ಕಿಂತ ಹೆಚ್ಚಿನ ತುಣುಕನ್ನು ಒಮ್ಮೆಗೆ ಕೇಳಿಸುವುದಿಲ್ಲ. ಮೊದಲ ಸಲ ಸುಮ್ಮನೆ ಕೇಳುತ್ತಾರೆ. ಎರಡನೆಯ ಸಲ ಓದುವವರು ಎಲ್ಲಿ ಉಸಿರು ನಿಲ್ಲಿಸಿದರೋ ಅಲ್ಲಿ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಆ ಗೆರೆಗಳನ್ನು ನೋಡಿಕೊಂಡು ತಾವೇ ಓದುತ್ತಾರೆ. ಪದ ಪದವಾಗಿ ಕಡಿದು ಓದುತ್ತಿದ್ದ ಮಕ್ಕಳು ಪದಗುಚ್ಛಗಳಾಗಿ ಓದಲು ಆರಂಭಿಸುವುದನ್ನು ನಾನು ಈ ಅಭ್ಯಾಸದಲ್ಲಿ ಕಂಡಷ್ಟು ಬೇರೆ ಯಾವುದರಲ್ಲಿಯೂ ಕಂಡಿಲ್ಲ.

ಕಾಲದ ವಿಷಯವನ್ನೂ ಹೇಳಬೇಕು. ಜುಲೈ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಸ್ಪೀಕರ್ ಎಷ್ಟು ಜೋರಾಗಿದ್ದರೂ ಹಿಂದಿನ ಬೆಂಚಿಗೆ ಏನೂ ಕೇಳಿಸುವುದಿಲ್ಲ. ಆಲಿಸುವ ಪಾಠಗಳನ್ನು ಅಕ್ಟೋಬರ್ ನಡುವೆ ಬರುವ ಕಾವೇರಿ ಸಂಕ್ರಮಣದ ನಂತರಕ್ಕೆ ಇಟ್ಟುಕೊಂಡು, ಮಳೆಗಾಲವನ್ನು ಓದಿಗೂ ಬರವಣಿಗೆಗೂ ಮೀಸಲಿಡುವುದು ಕೊಡಗಿನ ಶಾಲೆಗಳಿಗೆ ಒಳ್ಳೆಯದು.

ಉತ್ತರ 3: ಪ್ರೌಢಶಾಲಾ ಶಿಕ್ಷಕರು, ಮಡಿಕೇರಿ

ಮೇಲಿನ ಎರಡೂ ಉತ್ತರಗಳು ಅಂತರ್ಜಾಲವನ್ನು ಒಂದು ದೊಡ್ಡ ಗ್ರಂಥಾಲಯವಾಗಿ ಕಾಣುತ್ತವೆ. ಅದು ಸರಿಯೇ. ಆದರೆ ನಮ್ಮ ಬಳಿಗೆ ಒಂಬತ್ತನೆಯ ತರಗತಿಗೆ ಬರುವ ಮಕ್ಕಳಲ್ಲಿ ನಾನು ಕಾಣುವ ದೊಡ್ಡ ಕೊರತೆ ಬೇರೆಯದು. ಪರದೆಯ ಮೇಲೆ ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಅದು ನಿಜವಿರಲೇಬೇಕು ಎಂದು ಅವರು ನಂಬುತ್ತಾರೆ. ಈ ನಂಬಿಕೆಯನ್ನು ಪ್ರಶ್ನಿಸುವುದನ್ನು ಆರನೆಯ ತರಗತಿಯಿಂದಲೇ ಕಲಿಸಬೇಕು, ಕಲಿಸಬೇಕಾದದ್ದು ಭಾಷಾ ಶಿಕ್ಷಕರೇ.

ಅದಕ್ಕೆ ನಾನು ಆಯ್ದುಕೊಳ್ಳುವ ವಸ್ತು ಕೊಡಗೇ. ನಮ್ಮ ಜಿಲ್ಲೆಯ ಬಗ್ಗೆ ಇಂಗ್ಲಿಷ್‌ನಲ್ಲಿ ಲೆಕ್ಕವಿಲ್ಲದಷ್ಟು ಪುಟಗಳಿವೆ, ಅವುಗಳಲ್ಲಿ ಬಹುಪಾಲು ಪ್ರವಾಸಿಗರಿಗಾಗಿ ಬರೆದವು. ವರ್ಷವಿಡೀ ಮಂಜು, ವರ್ಷವಿಡೀ ತುಂಬಿ ಹರಿಯುವ ಜಲಪಾತ ಎಂದು ಒಂದು ಪುಟ ಹೇಳಿದರೆ, ಏಪ್ರಿಲ್‌ನಲ್ಲಿ ಅಬ್ಬಿ ಜಲಪಾತ ಹೇಗಿರುತ್ತದೆ ಎಂಬುದು ನಮ್ಮ ಏಳನೆಯ ತರಗತಿಯ ಮಗುವಿಗೆ ಚೆನ್ನಾಗಿ ಗೊತ್ತಿದೆ. ಹೂಮಳೆ ಬಿದ್ದ ಮೇಲೆ ಕಾಫಿ ಹೂವಾಗುವುದು ಯಾವಾಗ, ಅರೇಬಿಕಾ ಮೊದಲು ಕೊಯ್ಯುತ್ತಾರೋ ರೋಬಸ್ಟಾ ಮೊದಲೋ ಎಂಬುದು ಲೈನ್ ಮನೆಯ ಮಗುವಿಗೆ ಆ ಪುಟ ಬರೆದವರಿಗಿಂತ ಹೆಚ್ಚು ಗೊತ್ತಿರಬಹುದು. ಅಂಥ ಒಂದು ಪುಟದ ಎರಡು ಪ್ಯಾರಾಗಳನ್ನು ಮುದ್ರಿಸಿಕೊಟ್ಟು, ನಿಜವಾದ ವಾಕ್ಯಕ್ಕೆ ಒಂದು ಗುರುತು, ಉತ್ಪ್ರೇಕ್ಷೆಗೆ ಒಂದು ಗುರುತು, ತಪ್ಪಿಗೆ ಒಂದು ಗುರುತು ಹಾಕಲು ಹೇಳಿ. ಇಂಗ್ಲಿಷ್ ತರಗತಿಯಲ್ಲಿ ಯಾವಾಗಲೂ ಹಿಂದೆ ಕೂರುವ ಮಗು ಅಂದು ಎದ್ದು ನಿಂತು, ಇದು ಹೀಗಲ್ಲ ಎಂದು ವಾದಿಸುತ್ತದೆ. ವಾದಿಸುವುದಕ್ಕಾಗಿ ಆ ವಾಕ್ಯವನ್ನು ಎರಡು ಮೂರು ಸಲ ಓದಲೇಬೇಕಾಗುತ್ತದೆ.

ಮುಂದಿನ ಹೆಜ್ಜೆಯಾಗಿ ಒಂದೇ ಸಂಗತಿಯನ್ನು ಬೇರೆ ಬೇರೆ ಪುಟಗಳಲ್ಲಿ ಹುಡುಕಿಸಬಹುದು. ಕಾವೇರಿಯ ಉದ್ದ ಒಂದು ಕಡೆ 800 ಕಿಲೋಮೀಟರ್ ಎಂದೂ ಇನ್ನೊಂದು ಕಡೆ 805 ಎಂದೂ ಇರುತ್ತದೆ. ಯಾವುದನ್ನು ಬರೆಯಬೇಕು, ಆ ಪುಟವನ್ನು ಯಾರು ಬರೆದಿದ್ದಾರೆ, ಸರ್ಕಾರದ ಇಲಾಖೆಯೋ, ಹೋಂಸ್ಟೇ ಜಾಹೀರಾತೋ, ಯಾವ ವರ್ಷದ್ದು ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವೃತ್ತಿಪರ ಸತ್ಯಶೋಧಕರು ಒಂದು ಪುಟವನ್ನು ಮೇಲಿನಿಂದ ಕೆಳಗೆ ಓದುತ್ತ ಕೂರದೆ, ಕೂಡಲೇ ಅದರಿಂದ ಹೊರಬಂದು ಇತರ ಪುಟಗಳು ಅದರ ಬಗ್ಗೆ ಏನು ಹೇಳುತ್ತವೆ ಎಂದು ನೋಡುತ್ತಾರೆ ಎಂಬುದನ್ನು ತೋರಿಸಿದ್ದಾರೆ. ನಮ್ಮ ಮಕ್ಕಳಿಗೂ ಇದನ್ನು ಕಲಿಸಬಹುದು, ಮುದ್ರಿತ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೂ ಕಲಿಸಬಹುದು.

ಮಕ್ಕಳನ್ನು ಗೂಗಲ್‌ನ ಮುಂದೆ ಸುಮ್ಮನೆ ಬಿಡಬೇಡಿ ಎಂಬ ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ. ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಬರ್ನಿ ಡಾಜ್ ಅವರು 1995ರಲ್ಲಿಯೇ ವೆಬ್‌ಕ್ವೆಸ್ಟ್ ಎಂಬ ಪಾಠಕ್ರಮವನ್ನು ರೂಪಿಸಿದರು. ಅದರಲ್ಲಿ ಶಿಕ್ಷಕರು ಮೊದಲೇ ಪುಟಗಳನ್ನು ಆಯ್ದು, ಮಾಡಬೇಕಾದ ಕೆಲಸವನ್ನೂ ಅದರ ಹಂತಗಳನ್ನೂ ಮೌಲ್ಯಮಾಪನದ ಅಳತೆಯನ್ನೂ ಬರೆದು ಕೊಡುತ್ತಾರೆ. ಮಕ್ಕಳ ಸಮಯ ಹುಡುಕುವುದರಲ್ಲಿ ಕಳೆಯದೆ, ಸಿಕ್ಕಿದ್ದನ್ನು ಓದಿ ಬಳಸುವುದರಲ್ಲಿ ಕಳೆಯಬೇಕು ಎಂಬುದು ಅದರ ಮೂಲ ಉದ್ದೇಶ. ಒಂದೇ ಲ್ಯಾಪ್‌ಟಾಪ್ ಇರುವ ಶಾಲೆಗೆ ಇದಕ್ಕಿಂತ ಹೊಂದುವ ಕ್ರಮ ನನಗೆ ತೋಚುವುದಿಲ್ಲ. ಐದಾರು ಪುಟಗಳನ್ನು ಬ್ರೌಸರ್‌ನಲ್ಲಿ ಉಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದಿದ್ದರೂ ಗುಂಪಿಗೊಂದರಂತೆ ತೆರೆದು ಕೊಡಬಹುದು. ವಿಕಿಪೀಡಿಯದ ಸರಳ ಇಂಗ್ಲಿಷ್ ಆವೃತ್ತಿಯ ಪುಟಗಳು ಎಂಟನೆಯ ತರಗತಿಯ ಮಕ್ಕಳಿಗೆ ಈ ಕೆಲಸಕ್ಕೆ ಸರಿಹೊಂದುತ್ತವೆ.

ಉತ್ತರ 4: ನಿವೃತ್ತ ಮುಖ್ಯೋಪಾಧ್ಯಾಯರು, ಸುಂಟಿಕೊಪ್ಪ

ಕಿರಿಯ ಸಹೋದ್ಯೋಗಿಗಳು ಇಷ್ಟು ಶ್ರದ್ಧೆಯಿಂದ ಬರೆಯುತ್ತಿರುವುದನ್ನು ಓದಿ ಮನಸ್ಸು ತುಂಬಿತು. ಪೋಷಕರ ಕಡೆಯಿಂದ ಒಂದು ವಿಷಯ.

ಮನೆಗೆಲಸವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಪದ್ಧತಿಯನ್ನು ದಯವಿಟ್ಟು ಕಡ್ಡಾಯ ಮಾಡಬೇಡಿ. ಆ ಸೇವೆಯ ನಿಯಮದ ಪ್ರಕಾರವೇ 13 ವರ್ಷ ತುಂಬದವರು ಅದನ್ನು ಬಳಸುವಂತಿಲ್ಲ, ಆರನೆಯ ತರಗತಿಯವರಿಗೆ ಅಷ್ಟು ವಯಸ್ಸಾಗಿರುವುದಿಲ್ಲ. ತೋಟದ ಕೆಲಸಕ್ಕೆ ಹೋಗುವ ತಂದೆಯ ಜೇಬಿನಲ್ಲಿರುವ ಒಂದೇ ಫೋನ್ ಮನೆಗೆ ಬರುವುದು ಸಂಜೆ ಕತ್ತಲಾದ ಮೇಲೆ. ನನ್ನ ಮೊಮ್ಮಗನ ತರಗತಿಯ ಗುಂಪೊಂದರಲ್ಲಿ ಮಕ್ಕಳು ಇಂಗ್ಲಿಷ್ ಪದ್ಯ ಹೇಳುವ ವಿಡಿಯೊಗಳನ್ನು ಹಾಕಿದ್ದರು, ತಡವರಿಸಿ ಓದಿದ ಒಬ್ಬಳ ವಿಡಿಯೊ ಊರೆಲ್ಲ ಸುತ್ತಿತು. ಆ ಮಗು ಆಮೇಲೆ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲರೂ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಕಾನೂನಿನ ಮಾತು ಹಾಗಿರಲಿ, ಮಗುವಿನ ಧ್ವನಿ, ಮುಖ, ಹೆಸರು ಶಾಲೆಯ ಗೋಡೆಯನ್ನು ದಾಟಿ ಹೋಗದಂತೆ ಕಾಯುವುದು ಗುರುಗಳ ಕರ್ತವ್ಯ.

ಫೋನ್ ಇಲ್ಲದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಒಂದು ದಾರಿ. ಹಲವು ಕಡೆ ಅಲ್ಲಿ ಕಂಪ್ಯೂಟರ್ ಕೂಡ ಇದೆ. ಗ್ರಂಥಪಾಲಕರೊಂದಿಗೆ ಮಾತನಾಡಿ, ನೀವು ಇಳಿಸಿಕೊಂಡ ಕಥೆಗಳ ಒಂದು ಪ್ರತಿಯನ್ನು ಅಲ್ಲಿಯೂ ಇಡಿಸಿ.

ಕೇಳಿದವರ ಮರುಪ್ರಶ್ನೆ: ಶಿಕ್ಷಕಿ, ನಾಪೋಕ್ಲು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಓದಿನ ಬಗ್ಗೆ ದಾರಿ ಸ್ಪಷ್ಟವಾಯಿತು. ಸುಂಟಿಕೊಪ್ಪದ ಗುರುಗಳು ಹೇಳಿದ ಮೇಲೆ, ಮಕ್ಕಳ ಓದಿನ ಧ್ವನಿಯನ್ನು ಗುಂಪಿಗೆ ಹಾಕುವ ನನ್ನ ಯೋಜನೆಯನ್ನು ಕೈಬಿಟ್ಟಿದ್ದೇನೆ.

ಬರವಣಿಗೆಯ ಬಗ್ಗೆ ಮಾತ್ರ ಇನ್ನೂ ಒಂದು ಕೇಳಬೇಕಿದೆ. ಫೋನ್ ಇರುವ ಮನೆಯ ಮಕ್ಕಳು ಕನ್ನಡದಲ್ಲಿ ಹೇಳಿ ಯಂತ್ರಾನುವಾದ ಮಾಡಿಸಿಯೋ, ಎಐ ಆ್ಯಪ್‌ಗಳಿಂದ ಪ್ರಬಂಧವನ್ನೇ ಬರೆಸಿಯೋ ತರುತ್ತಾರೆ. ವಾಕ್ಯಗಳಲ್ಲಿ ಒಂದು ತಪ್ಪೂ ಇರುವುದಿಲ್ಲ, ಆದರೆ ಅವರು ಬರೆದದ್ದನ್ನು ಅವರಿಗೇ ಓದಲು ಬರುವುದಿಲ್ಲ. ಬೈಯಲು ನನಗೆ ಇಷ್ಟವಿಲ್ಲ. ಏನು ಮಾಡಬಹುದು?

ಉತ್ತರ 5: ಶಿಕ್ಷಕಿ, ಕುಶಾಲನಗರ

ಮೇಡಂ, ಮಗು ನಕಲು ಮಾಡುವುದು ಬಹುಮಟ್ಟಿಗೆ ಆ ಬರವಣಿಗೆ ಯಾರಿಗೂ ಬೇಕಾಗಿಲ್ಲ ಎಂದು ಅದಕ್ಕೆ ತಿಳಿದಿರುವುದರಿಂದ. ಶಿಕ್ಷಕರು ಟಿಕ್ ಹಾಕಿ ಹಿಂದಿರುಗಿಸುವ ಪ್ರಬಂಧವನ್ನು ಯಂತ್ರ ಬರೆದರೇನು, ತಾನು ಬರೆದರೇನು ಎಂದು ಮಗು ಯೋಚಿಸಿದರೆ ಅದರಲ್ಲಿ ತಪ್ಪು ಕಾಣಲಾರೆ. ಆದ್ದರಿಂದ ಅಂತರ್ಜಾಲದ ಮೂಲಕ ಮಕ್ಕಳ ಬರವಣಿಗೆಗೆ ಒಬ್ಬ ನಿಜವಾದ ಓದುಗನನ್ನು ಒದಗಿಸಿ.

ನಮ್ಮ ಏಳನೆಯ ತರಗತಿಯವರು ಉತ್ತರ ಕರ್ನಾಟಕದ ಒಂದು ಸರ್ಕಾರಿ ಶಾಲೆಯ ಮಕ್ಕಳೊಂದಿಗೆ ಇಂಗ್ಲಿಷ್‌ನಲ್ಲಿ ಪತ್ರ ವ್ಯವಹಾರ ಮಾಡುತ್ತಾರೆ. ಮಕ್ಕಳು ತರಗತಿಯಲ್ಲಿಯೇ ಕೈಯಲ್ಲಿ ಬರೆಯುತ್ತಾರೆ, ನಾನು ಸ್ಕ್ಯಾನ್ ಮಾಡಿ ಅಲ್ಲಿನ ಶಿಕ್ಷಕರಿಗೆ ಇಮೇಲ್ ಮಾಡುತ್ತೇನೆ, ಉತ್ತರಗಳನ್ನು ಮುದ್ರಿಸಿ ಹಂಚುತ್ತೇನೆ. ಮಕ್ಕಳ ಪೂರ್ಣ ಹೆಸರನ್ನಾಗಲಿ ಚಿತ್ರವನ್ನಾಗಲಿ ಕಳುಹಿಸುವುದಿಲ್ಲ. ಒಬ್ಬ ಹುಡುಗಿ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಬಗ್ಗೆ, ನಾವು ರಾತ್ರಿ ಗದ್ದೆಗೆ ಹೋಗಿ ಭತ್ತ ಕೊಯ್ಯುತ್ತೇವೆ ಎಂದು ಒಂದೇ ವಾಕ್ಯ ಬರೆದು ಮುಗಿಸಿದ್ದಳು. ಅಲ್ಲಿಂದ ಪ್ರಶ್ನೆಗಳ ಸುರಿಮಳೆಯೇ ಬಂತು: ರಾತ್ರಿ ಏಕೆ, ಕತ್ತಲಲ್ಲಿ ಹಾವು ಇರುವುದಿಲ್ಲವೇ, ಇಡೀ ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಕೊಯ್ಯುತ್ತೀರಾ? ಹುಣ್ಣಿಮೆಯ ಬೆಳಕು, ಗುಂಡು ಹಾರಿಸುವುದು, ಮೊದಲ ಕದಿರನ್ನು ಮಾತ್ರ ತೆಗೆದು ‘ಪೊಲಿ ಪೊಲಿ ದೇವಾ’ ಎನ್ನುತ್ತ ಮನೆಗೆ ತರುವುದು, ಇವೆಲ್ಲವನ್ನೂ ಹೇಳಲು ಅವಳಿಗೆ ಇಂಗ್ಲಿಷ್ ಪದಗಳು ಬೇಕಾದವು. ಅವಳೇ ಬಂದು ಕೇಳಿದಳು. ಆಗ ವಿ. ಕೃಷ್ಣ ಅವರ ಅಲರ್ ಕನ್ನಡ-ಇಂಗ್ಲಿಷ್ ನಿಘಂಟನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ಕೊಟ್ಟೆ. ಅದು ಅಂತರ್ಜಾಲದಲ್ಲಿ ಮುಕ್ತವಾಗಿ ಲಭ್ಯವಿದೆ, ಕನ್ನಡದಲ್ಲಿ ಯೋಚಿಸಿ ಬರೆಯುವ ನಮ್ಮ ಮಕ್ಕಳಿಗೆ ಇಂಗ್ಲಿಷ್-ಕನ್ನಡ ನಿಘಂಟಿಗಿಂತ ಹೆಚ್ಚು ಬೇಕಾದದ್ದು ಅದೇ.

ಕ್ರಮದ ಬಗ್ಗೆ: ಮೊದಲ ಕರಡನ್ನು ತರಗತಿಯಲ್ಲಿ, ಯಾವ ಸಾಧನವೂ ಇಲ್ಲದೆ ಬರೆಯಲಿ. ತಪ್ಪುಗಳಿರಲಿ, ಪದ ಸಿಗದಿದ್ದಲ್ಲಿ ಕನ್ನಡ ಪದವನ್ನೇ ಬರೆದು ಕೆಳಗೆ ಗೆರೆ ಎಳೆಯಲಿ. ಎರಡನೆಯ ಕರಡಿಗೆ ನಿಘಂಟನ್ನೂ ಪಕ್ಕದವರನ್ನೂ ಕೇಳಬಹುದು. ಯಂತ್ರಾನುವಾದವನ್ನು ಬಳಸುವುದಾದರೆ ಮೂರನೆಯ ಹಂತದಲ್ಲಿ, ನಿಮ್ಮ ಎದುರಿಗೆ, ತನ್ನ ವಾಕ್ಯವನ್ನೂ ಯಂತ್ರದ ವಾಕ್ಯವನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಮಾತ್ರ ಇರಲಿ. ಎರಡೂ ಕರಡುಗಳನ್ನು ಪಿನ್ ಮಾಡಿ ಒಟ್ಟಿಗೆ ಕೊಡಬೇಕು, ಕಲಿಕೆಯ ನಡುವೆಯೇ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳು ಮೊದಲ ಕರಡಿನಿಂದ ಎರಡನೆಯದಕ್ಕೆ ಆದ ಸುಧಾರಣೆಗೆ ಸಿಗಬೇಕು. ಹೀಗೆ ಮಾಡಿದರೆ ತಪ್ಪಿಲ್ಲದ ಹಾಳೆಯನ್ನು ಮನೆಯಿಂದ ತರುವುದರಿಂದ ಯಾರಿಗೂ ಲಾಭವಿರುವುದಿಲ್ಲ.

ನಿಮ್ಮ ಮಕ್ಕಳೊಂದಿಗೆ ಪತ್ರ ಬರೆಯಲು ನಮ್ಮ ಎಂಟನೆಯ ತರಗತಿ ಸಿದ್ಧವಿದೆ. ಒಂದೇ ಜಿಲ್ಲೆಯಾದರೂ ನಮ್ಮದು ಬಯಲು ಸೀಮೆಗೆ ತಾಗಿದ ಊರು, ನಿಮ್ಮದು ಮಳೆ ಕಾಡಿನ ಪಕ್ಕ. ಕೇಳಲು ಅವರಿಗೆ ಬೇಕಾದಷ್ಟಿದೆ. ದಸರಾ ರಜೆ ಮುಗಿದ ವಾರ ಮೊದಲ ಕಂತನ್ನು ನಾವು ಕಳುಹಿಸುತ್ತೇವೆ, ನಿಮಗೆ ಅನುಕೂಲವಾದರೆ ಇಲ್ಲಿಯೇ ಒಂದು ಸಾಲು ತಿಳಿಸಿ.